ಹೊಸ ರೈಫಲ್‌ ಪರೀಕ್ಷೆ: ಮೊದಲು ಗುಂಪು ನೋಡಿ, ಆಮೇಲೆ ಸೈಟ್ ಮುಟ್ಟಿ

ಪ್ರಶ್ನೆ: ಸರ್, ನಾನು ವಿರಾಜಪೇಟೆ ಕಡೆಯವನು. ಲೈಸೆನ್ಸ್ ಮೇಲೆ ಹೊಸ .315 ರೈಫಲ್ ತೆಗೆದುಕೊಂಡಿದ್ದೇನೆ. ಹಳೆಯ ಮಿಲಿಟರಿ ರೈಫಲ್ ತರಹದ ಬೋಲ್ಟ್ (ತೋಟಾವನ್ನು ಒಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಉಕ್ಕಿನ ಭಾಗ). ಹೋದ ವಾರ ರೇಂಜ್‌ನಲ್ಲಿ 100 ಮೀಟರ್‌ಗೆ 10 ಗುಂಡು ಹೊಡೆದೆ. ಮೊದಲ ಗುಂಡು ಬಲಕ್ಕೆ, ಮೇಲೆ ಎಲ್ಲೋ ಹೋಯಿತು. ಆಮೇಲಿನ ನಾಲ್ಕು ಗುಂಡು 9 ಸೆಂಟಿಮೀಟರ್ ಒಳಗೆ ಕೂತವು, ಆದರೆ ಗುರಿಯಿಂದ 10 ಸೆಂಟಿಮೀಟರ್ ಎಡಕ್ಕೆ. ಕೊನೆಯ ಐದನ್ನು ಬೇಗ ಬೇಗ ಹೊಡೆದೆ. ಅವು ಏಣಿ ಹತ್ತಿದ ಹಾಗೆ ಮೇಲೆ ಮೇಲೆ ಹೋದವು. ಬೋಲ್ಟ್ ಮುಂದೆ ತಳ್ಳುವಾಗ ಬಿಗಿ. ಗುಂಡು ಹಾರಿದ ಮೇಲೆ ಹಿಡಿ ಎತ್ತುವಾಗಲೂ ಬಿಗಿ. ರೈಫಲ್ಲೇ ಸರಿ ಇಲ್ಲವೇ? ಫೋರ್‌ಸೈಟ್ (ಮೂತಿ ಕಡೆಯ ಗುರಿ ಮುಳ್ಳು) ಅನ್ನು ಸುತ್ತಿಗೆಯಲ್ಲಿ ತಟ್ಟಿ ಬಲಕ್ಕೆ ಸರಿಸಲೇ? ಅಣ್ಣನ ಹತ್ತಿರ ಇದೇ ರೈಫಲ್ ಇದೆ, ಅದರ ಬೋಲ್ಟ್ ಹಾಕಿ ನೋಡಬಹುದೇ? ನನ್ನ ಹತ್ತಿರ ಇನ್ನು 20 ತೋಟಾ ಮಾತ್ರ ಉಳಿದಿವೆ.

ಉತ್ತರ: ಮೊದಲು ಕೊನೆಯ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ, ಯಾಕೆಂದರೆ ಅದು ಜೀವಕ್ಕೆ ಸಂಬಂಧಪಟ್ಟದ್ದು. ಅಣ್ಣನ ಬೋಲ್ಟ್ ಹಾಕಬೇಡಿ. ಹಾಕಿ ಗುಂಡು ಹೊಡೆಯಲಂತೂ ಬೇಡವೇ ಬೇಡ. ಪ್ರತಿ ರೈಫಲ್‌ಗೆ ಅದರದೇ ಬೋಲ್ಟ್ ಕೂರಿಸಿ, ಅಳತೆ ನೋಡಿ, ನಂಬರ್ ಹೊಡೆದಿರುತ್ತಾರೆ. ತೋಟಾದ ಹಿಂಬದಿಗೂ ಬೋಲ್ಟ್ ಮುಖಕ್ಕೂ ಇರುವ ಜಾಗ ಕೂದಲೆಳೆಯ ಲೆಕ್ಕದ್ದು. ನಿಮ್ಮದೇ ಜಾತಿಯ ಬೋಲ್ಟ್ ಇರುವ ಬ್ರಿಟಿಷ್ ಸೇನೆಯ .303 ನಂಬರ್ 4 ರೈಫಲ್‌ನಲ್ಲಿ ಇದಕ್ಕೆ ಎರಡು ಗೇಜ್, ಅಂದರೆ ಅಳತೆ ನೋಡುವ ತುಂಡು, ಇದ್ದವು. .064 ಇಂಚಿನ ಗೇಜ್ ಮೇಲೆ ಬೋಲ್ಟ್ ಮುಚ್ಚಬೇಕು, .074 ಇಂಚಿನದರ ಮೇಲೆ ಮುಚ್ಚಬಾರದು. ನಡುವೆ ಇರುವುದು ಇಂಚಿನ ನೂರನೇ ಒಂದು ಭಾಗ, ಅಂದರೆ ಕಾಲು ಮಿಲಿಮೀಟರ್. ಬೇರೆ ರೈಫಲ್‌ನ ಬೋಲ್ಟ್ ಹಾಕಿದರೆ ಈ ಲೆಕ್ಕ ತಪ್ಪಬಹುದು. ತಪ್ಪಿದರೆ ತೋಟಾ ಒಳಗೇ ಹರಿದು, ಬಿಸಿ ಗ್ಯಾಸ್ ನಿಮ್ಮ ಮುಖದ ಕಡೆ ಬರುತ್ತದೆ. ಎರಡೂ ಒಂದೇ ಕಡೆ ಮಾಡಿದ ರೈಫಲ್ ಅಲ್ವಾ ಅಂತ ನಿಮಗೆ ಅನಿಸಬಹುದು. ಆದರೂ ಬೇಡ.

ಇನ್ನು ನಿಮ್ಮ ರೈಫಲ್ ಕೆಟ್ಟದ್ದೇ ಅನ್ನುವುದು. ನೀವು ಬರೆದದ್ದನ್ನು ಮೂರು ಸಲ ಓದಿದೆ. ಅದು ಕೆಟ್ಟ ರೈಫಲ್ ಅಂತ ನನಗೆ ಅನಿಸುತ್ತಿಲ್ಲ. ನೀವು ಹೊಡೆದ 10 ಗುಂಡಿನಲ್ಲಿ ಮೂರು ಬೇರೆ ಬೇರೆ ಪರೀಕ್ಷೆ ಕಲಸಿಹೋಗಿವೆ, ಅಷ್ಟೇ. ನಾನು ಸೇನೆಯಲ್ಲಿ ಆರ್ಮರರ್, ಅಂದರೆ ಬಂದೂಕು ರಿಪೇರಿ ಮಾಡುವವನು, ಆಗಿದ್ದವನು. ಅಲ್ಲಿ ನಮಗೆ ಮೊದಲು ಕಲಿಸಿದ್ದೇ ಇದು: ಗುಂಪು ಬೇರೆ, ಗುಂಪು ಬಿದ್ದ ಜಾಗ ಬೇರೆ. ಗುಂಡುಗಳು ಎಷ್ಟು ಹತ್ತಿರ ಹತ್ತಿರ ಕೂತಿವೆ ಅನ್ನುವುದು ರೈಫಲ್, ತೋಟಾ ಮತ್ತು ಹೊಡೆಯುವವನ ವಿಷಯ. ಆ ಗುಂಪು ಎಡಕ್ಕೋ ಬಲಕ್ಕೋ ಬಿದ್ದದ್ದು ಹೆಚ್ಚಾಗಿ ಸೈಟ್‌ನ ವಿಷಯ. ಗುಂಪು ಗೊತ್ತಾಗುವ ಮುಂಚೆ ಸೈಟ್ ಮುಟ್ಟಿದರೆ, ಆಮೇಲೆ ಏನು ಯಾಕಾಯಿತು ಅಂತ ಯಾರಿಗೂ ಹೇಳಲು ಬರುವುದಿಲ್ಲ.

ನಿಮ್ಮ ಕೈಯಲ್ಲಿರುವುದು ಎಂಥ ರೈಫಲ್ ಅಂತ ಸ್ವಲ್ಪ ಹೇಳುತ್ತೇನೆ. ಮುಂದಿನ ಮಾತೆಲ್ಲ ಅದರ ಮೇಲೇ ನಿಂತಿದೆ. ಈ .315 ಸ್ಪೋರ್ಟಿಂಗ್ ರೈಫಲ್‌ನ ಹೊಟ್ಟೆಯಲ್ಲಿ ಇರುವುದು ಲೀ-ಎನ್‌ಫೀಲ್ಡ್ ಬೋಲ್ಟ್. ಎರಡು ಮಹಾಯುದ್ಧಗಳಲ್ಲಿ ನಮ್ಮ ಸಿಪಾಯಿಗಳ ಹೆಗಲ ಮೇಲಿದ್ದದ್ದು ಇದೇ. ಬಂಗಾಳದ ಇಛಾಪುರ ರೈಫಲ್ ಕಾರ್ಖಾನೆಯಲ್ಲಿ ಇದನ್ನು ದಶಕಗಟ್ಟಲೆ ಮಾಡಿದ್ದಾರೆ. 1962ರ ಚೀನಾ ಯುದ್ಧದ ನಂತರ ಅಲ್ಲೇ ಇದೇ ಬೋಲ್ಟನ್ನು 7.62 ಮಿಲಿಮೀಟರ್ ತೋಟಾಕ್ಕೆ ಹೊಂದಿಸಿ 2ಎ, ಆಮೇಲೆ 2ಎ1 ಅಂತ ಹೊಸ ರೈಫಲ್ ಮಾಡಿದರು. ಹಳೇ .303ಗಳನ್ನು ಕೊರೆದು ಮಾಡಿದ್ದು ಅಂತ ತುಂಬಾ ಜನ ತಿಳಿದಿದ್ದಾರೆ. ಅಲ್ಲ, ಹೊಸದಾಗಿಯೇ ಮಾಡಿದ್ದು, ಉಕ್ಕೂ ಇನ್ನೂ ಗಟ್ಟಿಯಾದದ್ದು. 2ಎನಲ್ಲಿ 2000ದವರೆಗೆ ಇದ್ದ ಬ್ಯಾಕ್‌ಸೈಟ್ (ಕಣ್ಣಿನ ಕಡೆಯ ಸೈಟ್) ದೂರದ ಗುರುತನ್ನು 2ಎ1ನಲ್ಲಿ 800 ಮೀಟರ್‌ಗೆ ಇಳಿಸಿದರು. ಯಾರೂ ರೈಫಲ್‌ನಲ್ಲಿ 2000 ಮೀಟರ್ ಹೊಡೆಯುವುದಿಲ್ಲ ಅಂತ ಕೊನೆಗೆ ಒಪ್ಪಿಕೊಂಡರು ಅಂತ ನಾನು ತಿಳಿಯುತ್ತೇನೆ.

.315 ಅನ್ನುವ ಅಳತೆ ಬಂದ ಕಾರಣವೂ ಇದಕ್ಕೇ ಸೇರಿದ್ದು. ಸೇನೆಯ ತೋಟಾ ಹೊರಗಿನವರ ಕೈಗೆ ಸಿಗಬಾರದು ಅಂತ ಬ್ರಿಟಿಷರು .303 ಅನ್ನು ಜನರಿಗೆ ನಿಷೇಧಿಸಿದರು. ಆಗ ಆಸ್ಟ್ರಿಯಾದ ಹಳೇ 8 ಮಿಲಿಮೀಟರ್ ಮನ್ಲಿಖರ್ ತೋಟಾ ಬೇಟೆಗಾರರ ಕೈಗೆ ಬಂತು. 8 ಮಿಲಿಮೀಟರ್ ಅಂದರೆ .315 ಇಂಚು, ಅಷ್ಟೇ ಲೆಕ್ಕ. ಬೋಲ್ಟ್ ಮಿಲಿಟರಿಯದು, ತೋಟಾ ಮಾತ್ರ ಬೇರೆ.

ಈಗ ಬೋಲ್ಟ್ ಬಿಗಿ ಅನ್ನುವ ಮಾತು. ಮುಂದೆ ತಳ್ಳುವಾಗ ಬಿಗಿ ಇರುವುದು ಈ ರೈಫಲ್‌ನ ಹುಟ್ಟುಗುಣ. ಇದರಲ್ಲಿ ಸ್ಪ್ರಿಂಗ್ ಬಿಗಿಯಾಗುವುದು ಬೋಲ್ಟ್ ಮುಚ್ಚುವಾಗ. ಮೌಸರ್ ತರಹದ ರೈಫಲ್‌ಗಳಲ್ಲಿ ಹಿಡಿ ಎತ್ತುವಾಗಲೇ ಆ ಕೆಲಸ ಮುಗಿದಿರುತ್ತದೆ. ಅದನ್ನು ಹಿಡಿದು ಅಭ್ಯಾಸ ಇದ್ದವರಿಗೆ ಇದು ಕೆಟ್ಟಿದೆ ಅಂತ ಅನಿಸುತ್ತದೆ. ಕೆಟ್ಟಿಲ್ಲ. ಅರ್ಧ ದಾರಿಯಲ್ಲಿ ಅಳುಕದೆ ಒಂದೇ ಸಮ ತಳ್ಳಿ ಮುಚ್ಚಿ.

ಆದರೆ ಗುಂಡು ಹಾರಿದ ಮೇಲೆ ಹಿಡಿ ಎತ್ತುವಾಗ ಬಿಗಿ ಅಂದಿರಲ್ಲ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮನೆಯಲ್ಲಿ ರೈಫಲ್ ಖಾಲಿ ಇದೆ ಅಂತ ಕಣ್ಣಲ್ಲೂ ಬೆರಳಲ್ಲೂ ನೋಡಿಕೊಂಡು, ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟು, ಬೋಲ್ಟನ್ನು 50 ಸಲ ತೆಗೆದು ಮುಚ್ಚಿ. ಖಾಲಿ ಇದ್ದಾಗಲೂ ಎತ್ತುವಾಗ ಬಿಗಿ ಇದ್ದರೆ ಅದು ಹೊಸ ಲೋಹದ ಒರಟು. ಬೋಲ್ಟ್ ಸವೆಯುವ ಜಾಗಕ್ಕೆ ಒಂದು ಹನಿ ಎಣ್ಣೆ ಹಾಕಿ ಬಳಸುತ್ತಾ ಹೋದರೆ ಕಡಿಮೆಯಾಗುತ್ತದೆ. ಖಾಲಿ ಇದ್ದಾಗ ಸಲೀಸು, ಗುಂಡು ಹಾರಿದ ಮೇಲೆ ಮಾತ್ರ ಬಿಗಿ ಅಂದರೆ ಮೂರು ಕಡೆ ನೋಡಬೇಕು: ಚೇಂಬರ್‌ನಲ್ಲಿ (ನಳಿಗೆಯಲ್ಲಿ ತೋಟಾ ಕೂರುವ ಜಾಗ) ಗ್ರೀಸ್ ಉಳಿದಿದೆಯೇ, ತೋಟಾ ಬಿಸಿಲಲ್ಲಿ ಕಾದಿತ್ತೇ, ಇಲ್ಲ ಚೇಂಬರೇ ಒರಟಾಗಿದೆಯೇ. ಮೊದಲ ಎರಡು ನಿಮ್ಮ ಕೈಯಲ್ಲೇ ಇದೆ. ಮೂರನೆಯದು ಇಲ್ಲ.

ಗ್ರೀಸ್ ವಿಷಯ ಬಿಡಿಸಿ ಹೇಳಲೇಬೇಕು. ಹೊಸ ರೈಫಲ್ ತುಕ್ಕು ಹಿಡಿಯದಿರಲಿ ಅಂತ ಒಳಗೂ ಹೊರಗೂ ಗ್ರೀಸ್ ಬಳಿದು ಕಳಿಸುತ್ತಾರೆ. ನೀವು ಬಟ್ಟೆಯಲ್ಲಿ ಹೊರಗೆ ಒರೆಸಿ ರೇಂಜ್‌ಗೆ ಹೋಗಿದ್ದೀರಿ ಅಂತ ಕಾಣುತ್ತದೆ. ನಿಮ್ಮ ಮೊದಲ ಗುಂಡು ದಾರಿ ತಪ್ಪಿದ್ದು ಅದಕ್ಕೇ. ಎಣ್ಣೆ ಇರುವ ನಳಿಗೆಯಿಂದ ಹೋಗುವ ಮೊದಲ ಗುಂಡು ಉಳಿದವುಗಳ ಜೊತೆ ಕೂರುವುದು ಕಡಿಮೆ. ಅದನ್ನು ಲೆಕ್ಕಕ್ಕೆ ಹಿಡಿಯಲೇಬೇಡಿ.

ಚೇಂಬರ್‌ನಲ್ಲಿ ಎಣ್ಣೆ ಇರುವುದು ಇನ್ನೂ ಕೆಟ್ಟದ್ದು. ಗುಂಡು ಹಾರುವಾಗ ತೋಟಾದ ಹಿತ್ತಾಳೆ ಉಬ್ಬಿ ಚೇಂಬರ್ ಗೋಡೆಯನ್ನು ಕಚ್ಚಿ ಹಿಡಿಯುತ್ತದೆ. ಹಾಗೆ ಹಿಡಿದಾಗ ಹಿಂದಕ್ಕೆ ಒದೆಯುವ ಬಲದ ಒಂದು ಪಾಲು ಗೋಡೆಗೆ ಹೋಗುತ್ತದೆ. ಎಣ್ಣೆ ಇದ್ದರೆ ಹಿತ್ತಾಳೆ ಜಾರುತ್ತದೆ, ಪೂರ್ತಿ ಒದೆತ ಬೋಲ್ಟ್ ಮೇಲೆ. ಬ್ರಿಟಿಷ್ ಕಾರ್ಖಾನೆಗಳಲ್ಲಿ ಹೊಸ ರೈಫಲ್‌ನ ಪ್ರೂಫ್, ಅಂದರೆ ಗಟ್ಟಿತನದ, ಪರೀಕ್ಷೆಗೆ ಜಾಸ್ತಿ ಒತ್ತಡದ ಎರಡು ತೋಟಾ ಹಾರಿಸುತ್ತಿದ್ದರು, ಒಂದು ಒಣಗಿದ್ದು, ಇನ್ನೊಂದು ಬೇಕೆಂದೇ ಎಣ್ಣೆ ಸವರಿದ್ದು. ಅವರು ರೈಫಲ್‌ಗೆ ಕೊಡುತ್ತಿದ್ದ ಅತಿ ದೊಡ್ಡ ಶಿಕ್ಷೆ ಅದು. ನೀವು ತಿಳಿಯದೆ ಅದನ್ನೇ ಸಣ್ಣ ಮಟ್ಟದಲ್ಲಿ ಮಾಡಿದ್ದೀರಿ. ಲೀ-ಎನ್‌ಫೀಲ್ಡ್‌ನಲ್ಲಿ ಬೋಲ್ಟ್ ಬೀಗ ಬೀಳುವುದು ಹಿಂದುಗಡೆ. ಅದರಿಂದ ಬೋಲ್ಟ್ ಬೇಗ ಓಡಾಡುತ್ತದೆ, ಆದರೆ ಗುಂಡು ಹಾರುವ ಆ ಕ್ಷಣಕ್ಕೆ ಇಡೀ ಬೋಲ್ಟ್ ತುಸು ಅಮುಕುತ್ತದೆ. ಹಾಗಾಗಿ ಈ ರೈಫಲ್‌ಗೆ ಒಣಗಿದ ಚೇಂಬರ್ ಬೇರೆಯವಕ್ಕಿಂತ ಜಾಸ್ತಿ ಮುಖ್ಯ. ಮುಂದಿನ ಸಲ ಹೋಗುವ ಮುಂಚೆ ಪುಲ್‌ಥ್ರೂನಲ್ಲಿ (ನಳಿಗೆ ಒರೆಸುವ ಹಗ್ಗ) ಒಣ ಚಿಂದಿ ಹಾಕಿ ಎಳೆಯಿರಿ, ಚಿಂದಿ ಬೆಳ್ಳಗೆ ಬರುವವರೆಗೆ. ಚೇಂಬರ್‌ಗೆ ಬೆರಳಿಗೆ ಸುತ್ತಿದ ಬಟ್ಟೆ ಸಾಲದು, ಕಡ್ಡಿಗೆ ಬಟ್ಟೆ ಬಿಗಿಯಾಗಿ ಸುತ್ತಿ ತಿರುಗಿಸಿ ಒರೆಸಿ.

ನಿಮ್ಮ ಖಾಲಿ ಕೇಸ್‌ಗಳು, ಅಂದರೆ ಗುಂಡು ಹಾರಿದ ಮೇಲೆ ಉಳಿದ ಹಿತ್ತಾಳೆ ಕೊಳವೆಗಳು, ಇನ್ನೂ ಇವೆಯೇ? ಇದ್ದರೆ ಬಿಸಾಡಬೇಡಿ. ರೈಫಲ್‌ನ ಆರೋಗ್ಯ ಅದರಲ್ಲೇ ಬರೆದಿರುತ್ತದೆ. ಕುತ್ತಿಗೆ ಹತ್ತಿರ ಮಸಿ ಇದ್ದರೆ ಚಿಂತೆ ಬೇಡ. ಹಿಂದಿನ ಅಂಚಿನಿಂದ ಸುಮಾರು ಒಂದು ಸೆಂಟಿಮೀಟರ್ ಮೇಲೆ ಸುತ್ತಲೂ ಹೊಳೆಯುವ ಬಳೆಯಂಥ ಗೆರೆ ಇದೆಯೇ ನೋಡಿ. ತೆಳು ತಂತಿಯ ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿ ಕೇಸ್ ಒಳಗೆ ಬಿಟ್ಟು ಆ ಜಾಗದಲ್ಲಿ ಮೇಲೆ ಕೆಳಗೆ ಎಳೆಯಿರಿ. ತಂತಿಯ ತುದಿ ಒಂದು ಸಣ್ಣ ತೋಡಿಗೆ ಸಿಕ್ಕಿದಂತೆ ಅನಿಸಿದರೆ ಹಿತ್ತಾಳೆ ಒಳಗಿಂದ ಹಿಗ್ಗಿ ತೆಳುವಾಗಿದೆ ಅಂತ ಅರ್ಥ. ಅಂಥ ಕೇಸ್ ಒಂದೇ ಒಂದು ಸಿಕ್ಕಿದರೂ ಇನ್ನೊಂದು ಗುಂಡು ಹೊಡೆಯಬೇಡಿ. ಕೇಸ್‌ನ ಹಿಂಬದಿಯ ನಡುವೆ ಇರುವ ಕ್ಯಾಪ್ (ಮದ್ದಿಗೆ ಕಿಡಿ ಕೊಡುವ ಭಾಗ) ಹೊರಕ್ಕೆ ತಳ್ಳಿಕೊಂಡಿದ್ದರೆ, ತೂತು ಬಿದ್ದಿದ್ದರೆ ಕೂಡ ಹಾಗೇ. ರೈಫಲ್ ಮತ್ತು ಕೇಸ್ ಎರಡನ್ನೂ ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಹತ್ತಿರ ಒಯ್ದು ಗೇಜ್ ಹಾಕಿಸಿ.

ಕೇಸ್‌ಗಳು ಚೆನ್ನಾಗಿವೆ ಅಂತಿಟ್ಟುಕೊಳ್ಳೋಣ. ಈಗ ನಿಮ್ಮ ನಾಲ್ಕು ಗುಂಡಿನ 9 ಸೆಂಟಿಮೀಟರ್ ಗುಂಪಿಗೆ ಬರೋಣ. ನೀವು ಅದನ್ನು ಬೇಸರದಲ್ಲಿ ಬರೆದ ಹಾಗಿದೆ. ನನಗೆ ಅದನ್ನು ಓದಿ ಖುಷಿಯಾಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಹೊಸ ನಂಬರ್ 4 ರೈಫಲ್ ಪಾಸಾಗಲು ಏನು ಬೇಕಿತ್ತು ಗೊತ್ತೇ? 100 ಅಡಿ ದೂರದಿಂದ 5 ಗುಂಡು. ಅದರಲ್ಲಿ 4 ಗುಂಡು ಒಂದು ಇಂಚು ಅಗಲ, ಒಂದೂವರೆ ಇಂಚು ಎತ್ತರದ ಚೌಕಟ್ಟಿನೊಳಗೆ ಬಿದ್ದರೆ ಸಾಕು. ಅದನ್ನೇ 100 ಮೀಟರ್‌ಗೆ ಹಿಗ್ಗಿಸಿದರೆ ಸುಮಾರು 8 ಸೆಂಟಿಮೀಟರ್ ಅಗಲ, 12 ಸೆಂಟಿಮೀಟರ್ ಎತ್ತರ ಆಗುತ್ತದೆ. ಹತ್ತರಲ್ಲಿ ಒಂದು ರೈಫಲ್ ಆರಿಸಿ 600 ಗಜಕ್ಕೂ ಹೊಡೆಸುತ್ತಿದ್ದರು. ಅಲ್ಲಿ 10ರಲ್ಲಿ 9 ಗುಂಡು ಎರಡು ಅಡಿಯ ವೃತ್ತದೊಳಗೆ ಬಿದ್ದರೆ ಪಾಸು. ನೀವು ದುರ್ಬೀನು ಇಲ್ಲದೆ, ಬರಿಗಣ್ಣಿನ ಸೈಟ್‌ನಲ್ಲಿ, ಗ್ರೀಸ್ ಒರೆಸದ ರೈಫಲ್‌ನಲ್ಲಿ ನಾಲ್ಕು ಗುಂಡನ್ನು 9 ಸೆಂಟಿಮೀಟರ್ ಒಳಗೆ ಕೂರಿಸಿದ್ದೀರಿ. ಕೈಲ್ ಪೊಳ್ದ್ ಹಬ್ಬದ ದಿನ ನಿಮ್ಮ ಕಡೆ ಗುರಿ ಕಟ್ಟುವ ಸುಲಿದ ತೆಂಗಿನಕಾಯಿಗಿಂತ ಅದು ಚಿಕ್ಕದು. ಒಂದು ಇಂಚಿನ ಗುಂಪು ಬರಲೇಬೇಕು ಅಂತ ಯಾರೋ ಹೇಳಿದ್ದನ್ನು ಕೇಳಿ ಮನಸ್ಸು ಕೆಡಿಸಿಕೊಳ್ಳಬೇಡಿ. ಆ ಮಾತು ದಪ್ಪ ನಳಿಗೆಯ, ದುರ್ಬೀನು ಇರುವ, ಆರಿಸಿದ ತೋಟಾದ ರೈಫಲ್‌ಗಳದ್ದು.

ಒಂದು ಎಚ್ಚರ ಮಾತ್ರ. ಕಡಿಮೆ ಗುಂಡಿನ ಗುಂಪು ಯಾವಾಗಲೂ ನಿಜಕ್ಕಿಂತ ಚಂದ ಕಾಣುತ್ತದೆ. ಸರಾಸರಿ 3 ಗುಂಡಿಗೆ 6 ಸೆಂಟಿಮೀಟರ್ ಕೊಡುವ ರೈಫಲ್, 5 ಗುಂಡಿಗೆ ಏಳೂವರೆ, 10 ಗುಂಡಿಗೆ ಒಂಬತ್ತೂವರೆ ಸೆಂಟಿಮೀಟರ್ ಕೊಡುತ್ತದೆ. ರೈಫಲ್ ಬದಲಾಗಿಲ್ಲ, ಲೆಕ್ಕ ಅಷ್ಟೇ. ಅದಕ್ಕೇ ನಾನು 5 ಗುಂಡಿನ ಎರಡು ಗುಂಪು ಕೇಳುವುದು. ಮೂರು ಗುಂಡು ಹೊಡೆದು ಫೋಟೋ ತೆಗೆದು ತೋರಿಸುವವರ ಮಾತಿಗೆ ಹೋಲಿಸಬೇಡಿ.

ಈಗ ಏಣಿ ಹತ್ತಿದ ಐದು ಗುಂಡು. ಇದರ ಮೇಲೆ ನನ್ನ ಅನುಮಾನ ಮರದ ಕಡೆ ಹೋಗುತ್ತದೆ. ಬೇಗ ಹೊಡೆದಾಗ ನಳಿಗೆ ಬಿಸಿಯಾಗಿ ಹಿಗ್ಗುತ್ತದೆ. ಅದಕ್ಕೆ ಹಿಗ್ಗಲು ಜಾಗ ಇದ್ದರೆ ತೊಂದರೆ ಇಲ್ಲ. ಕೆಳಗಿನ ಮರ ಎಲ್ಲೋ ಒಂದು ಕಡೆ ಒತ್ತುತ್ತಿದ್ದರೆ, ಬಿಸಿಯಾದ ಹಾಗೆ ಒತ್ತಡ ಬದಲಾಗಿ ಗುಂಡು ಒಂದು ದಿಕ್ಕಿಗೆ ಸಾಲಾಗಿ ಹೋಗುತ್ತದೆ. ಹಳೇ ಮಿಲಿಟರಿ ರೈಫಲ್‌ಗಳಲ್ಲಿ ಮರ ಮೂತಿಯವರೆಗೂ ಇತ್ತು. ನಂಬರ್ 4ರಲ್ಲಿ ಮರದ ತುದಿ ನಳಿಗೆಯನ್ನು ಕೆಳಗಿನಿಂದ ಕೆಲವು ಪೌಂಡ್ ಬಲದಲ್ಲಿ ಎತ್ತಿ ಹಿಡಿಯಬೇಕು ಅಂತಲೇ ನಿಯಮ. ಆರ್ಮರರ್‌ಗಳ ಅರ್ಧ ಬದುಕು ಆ ಮರ ಕೂರಿಸುವುದರಲ್ಲೇ ಹೋಗುತ್ತಿತ್ತು. ನಿಮ್ಮದರಲ್ಲಿ ಮರ ಅರ್ಧಕ್ಕೇ ನಿಲ್ಲುತ್ತದೆ, ಹಾಗಾಗಿ ಕೆಲಸ ಸುಲಭ. ಒಂದು ಹತ್ತು ರೂಪಾಯಿ ನೋಟು ಮಡಿಸದೆ ನಳಿಗೆ ಮತ್ತು ಮರದ ನಡುವೆ ಮುಂದಿನಿಂದ ತೂರಿಸಿ ಹಿಂದಕ್ಕೆ ಎಳೆಯಿರಿ. ಚೇಂಬರ್ ಹತ್ತಿರ ದಪ್ಪ ಭಾಗದಲ್ಲಿ ಅದು ನಿಲ್ಲಲೇಬೇಕು, ಅಲ್ಲಿ ಮರ ಮತ್ತು ಉಕ್ಕು ಕೂಡಿರಬೇಕು. ಅದಕ್ಕೆ ಮುಂಚೆ ಒಂದೇ ಪಕ್ಕದಲ್ಲಿ ಸಿಕ್ಕಿಕೊಂಡರೆ ಆ ಜಾಗ ಗುರುತು ಹಾಕಿಕೊಳ್ಳಿ.

ನಿಮ್ಮ ಊರಿನ ಮಳೆ ನಾನು ಬಲ್ಲೆ. ಒಂದು ಸಲ ಪರಿಚಯದವರ ಹೊಸ ರೈಫಲ್ ಒಂದನ್ನು ಬೇಸಿಗೆಯಲ್ಲಿ ಪರೀಕ್ಷೆ ಮಾಡಿ ಚೆನ್ನಾಗಿದೆ ಅಂತ ಹೇಳಿ ಕಳಿಸಿದೆ. ಆಗಸ್ಟ್‌ನಲ್ಲಿ ಅದೇ ರೈಫಲ್ ಒಂದು ಗೇಣು ಪಕ್ಕಕ್ಕೆ ಹೊಡೆಯತೊಡಗಿತು. ನಾನು ಸೈಟ್ ಸರಿಸಿದೆ. ಡಿಸೆಂಬರ್‌ನಲ್ಲಿ ಅದು ಅಷ್ಟೇ ಇನ್ನೊಂದು ಪಕ್ಕಕ್ಕೆ ಹೋಯಿತು. ಮಳೆಗಾಲದಲ್ಲಿ ಮರ ನೀರು ಕುಡಿದು ಉಬ್ಬಿ ನಳಿಗೆಗೆ ತಾಗುತ್ತಿತ್ತು, ಒಣಗಿದ ಮೇಲೆ ಬಿಡುತ್ತಿತ್ತು. ಸೈಟ್‌ನದು ಏನೂ ತಪ್ಪಿರಲಿಲ್ಲ, ನಾನೇ ಅವಸರ ಮಾಡಿದ್ದೆ. ಆ ಮೇಲೆ ಮರಕ್ಕೆ ಒಳಗಡೆಯೂ ಅಗಸೆ ಎಣ್ಣೆ ಸರಿಯಾಗಿ ಕುಡಿಸದೆ ಯಾವ ರೈಫಲ್‌ನ ಸೈಟನ್ನೂ ನಾನು ಮುಟ್ಟಿಲ್ಲ. ನೀವೇ ಮರ ಕೆರೆಯಲು ಹೋಗಬೇಡಿ. ಕೆರೆದದ್ದನ್ನು ಮತ್ತೆ ಹಚ್ಚಲು ಬರುವುದಿಲ್ಲ. ಮರದ ಸ್ಕ್ರೂ ಬಿಗಿ ಇದೆಯೇ ಅಂತ ಮಾತ್ರ ನೋಡಿ.

ಅದೇ ಗುಂಡುಗಳು ಮೇಲೆ ಹೋಗಲು ಇನ್ನೊಂದು ಸಣ್ಣ ಕಾರಣವೂ ಇರಬಹುದು. ರೈಫಲ್ ಅನ್ನು ಮರಳು ಚೀಲದ ಮೇಲೆ ಇಟ್ಟು ಹೊಡೆದಿರಾ? ಚೀಲ ತಾಗಬೇಕಾದದ್ದು ಮರಕ್ಕೆ, ಮ್ಯಾಗಜೀನ್‌ಗೆ ಸ್ವಲ್ಪ ಮುಂದೆ. ನಳಿಗೆಯೇ ಚೀಲದ ಮೇಲೆ ಕೂತರೆ ಗುಂಡು ಮೇಲೆ ಹೋಗುತ್ತದೆ. ಬೇಗ ಬೇಗ ಹೊಡೆಯುವಾಗ ರೈಫಲ್ ಒದ್ದು ಒದ್ದು ಹಿಂದೆ ಸರಿಯುತ್ತದೆ, ನಮಗೆ ಗೊತ್ತೇ ಆಗದೆ ಚೀಲ ನಳಿಗೆ ಕೆಳಗೆ ಬಂದಿರುತ್ತದೆ.

ಉಳಿದ 20 ತೋಟಾವನ್ನು ನಾನಾಗಿದ್ದರೆ ಹೀಗೆ ಬಳಸುತ್ತಿದ್ದೆ. ಬೆಳಗ್ಗೆ ಬೇಗ ಹೋಗಿ, ಮೋಡ ಇದ್ದರೆ ಇನ್ನೂ ಒಳ್ಳೆಯದು. ಒಂದು ಪಕ್ಕದಿಂದ ಬಿಸಿಲು ಫೋರ್‌ಸೈಟ್‌ಗೆ ಬಿದ್ದರೆ ಕಣ್ಣು ಹೊಳೆಯುವ ಅಂಚನ್ನೇ ನಡು ಅಂತ ತಿಳಿಯುತ್ತದೆ. ತೋಟಾ ಡಬ್ಬಿ ನೆರಳಲ್ಲಿರಲಿ, ಎಲ್ಲ ಒಂದೇ ಲಾಟ್‌ನವೇ (ಒಂದೇ ಸಲಕ್ಕೆ ಮಾಡಿದವೇ) ಅಂತ ನೋಡಿ. ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಮೊದಲ ಎರಡು ಗುಂಡು ಒಂದೊಂದೇ ತುಂಬಿ ಮಣ್ಣಿನ ದಿಬ್ಬಕ್ಕೆ ಹೊಡೆಯಿರಿ, ಗುರಿ ಕಾಗದಕ್ಕೆ ಬೇಡ. ಅವು ನಳಿಗೆಯಲ್ಲಿ ಉಳಿದ ಎಣ್ಣೆ ಸುಡಲಿಕ್ಕೆ. ಎರಡರ ಕೇಸನ್ನೂ ಅಲ್ಲೇ ನೋಡಿ. ಆಮೇಲೆ 5 ಗುಂಡು ನಿಧಾನಕ್ಕೆ, ಒಂದಕ್ಕೂ ಇನ್ನೊಂದಕ್ಕೂ ಒಂದು ನಿಮಿಷ ಬಿಟ್ಟು. ಎಲ್ಲಿ ಬಿದ್ದರೂ ಶಿಸ್ತ್ (ಗುರಿ ಇಡುವ ಜಾಗ) ಬದಲಾಯಿಸಬೇಡಿ, ಅದೇ ಜಾಗಕ್ಕೆ ಗುರಿ ಇಡಿ. ಬೋಲ್ಟ್ ತೆಗೆದಿಟ್ಟು ನಳಿಗೆ ಕೈಗೆ ತಣ್ಣಗೆ ಅನಿಸುವವರೆಗೆ ಕಾಯಿರಿ.

ಎರಡನೇ 5 ಗುಂಡನ್ನು ಬೇರೆ ಕಾಗದಕ್ಕೆ ಅಣ್ಣ ಹೊಡೆಯಲಿ, ರೇಂಜ್ ಅಧಿಕಾರಿಯ ಒಪ್ಪಿಗೆ ಕೇಳಿಕೊಂಡು. ಅವರ ಬೋಲ್ಟ್ ಬೇಡ, ಅವರ ಕಣ್ಣು ಬೇಕು. ಇಬ್ಬರ ಗುಂಪಿನ ನಡುವೂ ಒಂದೇ ಕಡೆ ಎಡಕ್ಕೆ ಬಿದ್ದರೆ ಅದು ಸೈಟ್. ನಿಮ್ಮದು ಎಡಕ್ಕೆ, ಅವರದು ನಡುವೆ ಬಿದ್ದರೆ ಸೈಟ್ ಸರಿ ಇದೆ. ನಿಮ್ಮ ಕೆನ್ನೆ ಮರದ ಮೇಲೆ ಕೂರುವ ರೀತಿ, ಟ್ರಿಗರ್ ಎಳೆಯುವ ರೀತಿ ನೋಡಿಕೊಳ್ಳಬೇಕು.

ಸೈಟೇ ಅಂತ ಆದರೆ ದಿಕ್ಕು ನೆನಪಿಡಿ. ಫೋರ್‌ಸೈಟ್ ಅನ್ನು ಬಲಕ್ಕೆ ತಟ್ಟಲೇ ಅಂತ ಕೇಳಿದ್ದೀರಿ. ಬಲಕ್ಕೆ ತಟ್ಟಿದರೆ ಗುಂಪು ಇನ್ನೂ ಎಡಕ್ಕೆ ಹೋಗುತ್ತದೆ. ಗುಂಡು ಎತ್ತ ತಪ್ಪಿದೆಯೋ ಫೋರ್‌ಸೈಟ್ ಅತ್ತಲೇ ಸರಿಯಬೇಕು, ಅಂದರೆ ಎಡಕ್ಕೆ. ಎಷ್ಟು ಅಂತ ಲೆಕ್ಕ ಮಾಡಿ: ತಪ್ಪಿದ ಅಳತೆಯನ್ನು ಎರಡು ಸೈಟ್‌ಗಳ ನಡುವಿನ ದೂರದಿಂದ ಗುಣಿಸಿ, ಗುರಿಯ ದೂರದಿಂದ ಭಾಗಿಸಿ. ಸೈಟ್‌ಗಳ ನಡುವೆ 50 ಸೆಂಟಿಮೀಟರ್ ಇದ್ದರೆ, 100 ಮೀಟರ್‌ಗೆ 10 ಸೆಂಟಿಮೀಟರ್ ತಪ್ಪು ಅಂದರೆ ಅರ್ಧ ಮಿಲಿಮೀಟರ್. ಸುತ್ತಿಗೆಯ ಒಂದು ಏಟಿಗೆ ಅದಕ್ಕಿಂತ ಜಾಸ್ತಿ ಸರಿದುಬಿಡುತ್ತದೆ. ಸ್ಕ್ರೂನಲ್ಲಿ ನಿಧಾನಕ್ಕೆ ತಳ್ಳುವ ಸಾಧನ ರಿಪೇರಿಯವರ ಹತ್ತಿರ ಇರುತ್ತದೆ, ಅವರಿಂದಲೇ ಮಾಡಿಸಿ. ಮೊದಲು ಸೈಟ್ ಮತ್ತು ಅದರ ತಳ ಎರಡಕ್ಕೂ ಸೇರಿಸಿ ಸೂಜಿಯಲ್ಲಿ ಒಂದು ಗೆರೆ ಎಳೆಯಿರಿ, ಎಷ್ಟು ಸರಿಯಿತು ಅಂತ ಕಾಣುತ್ತದೆ. ಎತ್ತರಕ್ಕೆ ಅಂತ ಫೋರ್‌ಸೈಟ್ ಅರ ಹಾಕಬೇಡಿ. ಇದೇ ಲೆಕ್ಕದಲ್ಲಿ ಒಂದು ಮಿಲಿಮೀಟರ್‌ನ ಹತ್ತನೇ ಒಂದು ಭಾಗ ಉಜ್ಜಿದರೂ ಗುಂಡು 2 ಸೆಂಟಿಮೀಟರ್ ಮೇಲೆ ಹೋಗುತ್ತದೆ.

ಸೈಟ್ ಸರಿಸಿದ ಮೇಲೆ 3 ಗುಂಡು ನೋಡಲಿಕ್ಕೆ. ಉಳಿದ 5ನ್ನು ಮ್ಯಾಗಜೀನ್ ತುಂಬಿ ಹೊಡೆಯಿರಿ. ಅದು ಗುರಿಗಲ್ಲ, ತೋಟಾ ಸಲೀಸಾಗಿ ಹತ್ತುತ್ತದೆಯೇ, ಖಾಲಿ ಕೇಸ್ ಪ್ರತಿ ಸಲ ಹೊರಗೆ ಬೀಳುತ್ತದೆಯೇ ಅಂತ ನೋಡಲಿಕ್ಕೆ. ಇದು ಅಂಚು ಇರುವ ತೋಟಾ. ಮೇಲಿನದರ ಅಂಚು ಕೆಳಗಿನದರ ಅಂಚಿಗೆ ಮುಂದೆ ಇರುವಂತೆ ತುಂಬಿ, ಇಲ್ಲದಿದ್ದರೆ ಒಂದಕ್ಕೊಂದು ಸಿಕ್ಕಿಕೊಂಡು ಬೋಲ್ಟ್ ನಿಲ್ಲುತ್ತದೆ. ಟ್ರಿಗರ್ ಎಳೆದೂ ಗುಂಡು ಹಾರದಿದ್ದರೆ ಮೂತಿ ಗುರಿಯ ಕಡೆಗೇ ಇರಲಿ, ಒಂದು ನಿಮಿಷ ಕಾದು ಆಮೇಲೆ ಬೋಲ್ಟ್ ತೆಗೆಯಿರಿ. ಸದ್ದು ಸಣ್ಣದಾಗಿ ಬಂದು ಒದೆತ ಇರದಿದ್ದರೆ ಮುಂದಿನ ಗುಂಡು ತುಂಬಲೇಬೇಡಿ, ನಳಿಗೆಯಲ್ಲಿ ಗುಂಡು ಸಿಕ್ಕಿಕೊಂಡಿರಬಹುದು.

ಇದನ್ನೆಲ್ಲ ತೋಟದ ಇಳಿಜಾರು ಬರೆಯಲ್ಲಿ ಮಾಡಬಹುದಲ್ಲ ಅಂತ ಕೆಲವರು ಕೇಳುತ್ತಾರೆ. ಬೇಡ. ಈ ಗುಂಡು ತಪ್ಪಿದರೆ ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ, ಕಾಫಿ ಗಿಡದ ಆಚೆ ಯಾರಿದ್ದಾರೆ ಅಂತ ನಿಮಗೆ ಕಾಣುವುದಿಲ್ಲ. ಒಪ್ಪಿಗೆ ಇರುವ ರೇಂಜ್, ಹಿಂದೆ ದಿಬ್ಬ, ಲೈಸೆನ್ಸ್ ಜೇಬಿನಲ್ಲಿ.

ಎರಡೂ ಕಾಗದಗಳ ಮೇಲೆ ದಿನಾಂಕ, ಹವೆ, ತೋಟಾ ಲಾಟ್, ಯಾರು ಹೊಡೆದದ್ದು ಅಂತ ಬರೆದು ಇಡಿ. ಮಳೆಗಾಲ ಮುಗಿದ ಮೇಲೆ ಇದೇ ರೈಫಲ್‌ನಲ್ಲಿ ಇನ್ನೊಂದು ಗುಂಪು ಹೊಡೆದು ಆ ಕಾಗದವನ್ನು ಇವುಗಳ ಪಕ್ಕದಲ್ಲಿ ಇಟ್ಟು ನೋಡಿ. ಗುಂಡುಗಳು ಆಗಲೂ ಏಣಿ ಹತ್ತಿದರೆ ನನಗೆ ಬರೆಯಿರಿ, ನೋಟು ಎಲ್ಲಿ ಸಿಕ್ಕಿಕೊಂಡಿತು ಅನ್ನುವುದನ್ನೂ ಸೇರಿಸಿ.